ಬೀದರಿಗೆ ಒಂದು ದಿನ ಸಾಕಾ?

ಪ್ರಶ್ನೆ: ನಾವು ಮೈಸೂರಿನವರು. ಕ್ರಿಸ್‌ಮಸ್ ರಜೆಯಲ್ಲಿ ಹೈದರಾಬಾದಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಟ್ಯಾಕ್ಸಿ ಮಾಡಿಕೊಂಡು ಬೆಳಿಗ್ಗೆ ಬೀದರ್, ಮಧ್ಯಾಹ್ನ ಬಸವಕಲ್ಯಾಣ, ರಾತ್ರಿಗೆ ಕಲಬುರಗಿ ತಲುಪಿ ರೈಲು ಹತ್ತೋಣ ಅಂದುಕೊಂಡಿದ್ದೇವೆ. ಜೊತೆಗೆ ಅತ್ತೆ-ಮಾವ ಇದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ, ಅತ್ತೆಗೆ ಮಂಡಿನೋವು. ಮಗಳು ಒಂಬತ್ತನೇ ಕ್ಲಾಸು. ಇತಿಹಾಸ ಅಂದರೆ ಸಾಕು, ಆಕಳಿಸುತ್ತಾಳೆ. ಬೀದರಿಗೆ ಅರ್ಧ ದಿನ ಸಾಕಲ್ವಾ? ಜಾಸ್ತಿ ಬೇಕು ಅಂದರೆ ಮೂರು ದಿನದವರೆಗೂ ಹೊಂದಿಸಬಹುದು. ಬಿದ್ರಿ ಸಾಮಾನು ಕೊಳ್ಳುವ ಆಸೆಯೂ ಇದೆ, ಅಸಲಿ ಯಾವುದು ಅಂತ ಗೊತ್ತಾಗುವುದಿಲ್ಲ.

ಉತ್ತರ:

ಮೇಡಂ, ಅರ್ಧ ದಿನ ಸಾಲುವುದಿಲ್ಲ. ನಮ್ಮೂರಿನಲ್ಲಿ ನೋಡುವ ಜಾಗಗಳು ನೂರಾರು ಇವೆ ಅಂತ ಹೀಗೆ ಹೇಳುತ್ತಿಲ್ಲ. ಪಟ್ಟಿ ಮಾಡಿದರೆ ಮುಖ್ಯವಾದವು ಎಂಟೋ ಹತ್ತೋ ಆಗಬಹುದು. ಟ್ಯಾಕ್ಸಿಯಲ್ಲಿ ಸುತ್ತಿದರೆ ನಾಲ್ಕು ಗಂಟೆಯಲ್ಲಿ ಎಲ್ಲದರ ಮುಂದೆಯೂ ನಿಂತು ಫೋಟೋ ತೆಗೆಸಿಕೊಂಡು ಬರಬಹುದು. ಹೈದರಾಬಾದಿನಿಂದ ಬರುವ ಬಹಳ ಜನ ಮಾಡುವುದೂ ಅದನ್ನೇ. ಆಮೇಲೆ "ಕೋಟೆ ಪಾಳು ಬಿದ್ದಿದೆ, ಮದರಸಾದಲ್ಲಿ ಒಂದೇ ಮಿನಾರ್ ಇದೆ, ಗುಂಬಜ್‌ಗಳ ಒಳಗೆ ಕತ್ತಲೆ, ಏನೂ ಕಾಣಲಿಲ್ಲ" ಅನ್ನುತ್ತಾರೆ. ಬೀದರಿನ ಚೆಂದ ಹೊರಗಿನಿಂದ ಕಾಣುವುದು ಕಡಿಮೆ. ಅದು ಬೀಗ ಹಾಕಿದ ಕೋಣೆಗಳಲ್ಲಿದೆ, ಕತ್ತಲೆ ಗುಂಬಜಿನ ಒಳಮೈಯಲ್ಲಿದೆ, ಬಿಸಿಲು ಸರಿಯಾದ ಕಡೆಯಿಂದ ಬಿದ್ದಾಗ ಮಾತ್ರ ಹೊಳೆಯುವ ಗೋಡೆಯ ಬಣ್ಣದ ಬಿಲ್ಲೆಗಳಲ್ಲಿ, ಅಂದರೆ ಟೈಲ್ಸ್‌ಗಳಲ್ಲಿದೆ. ಹಾಗಾಗಿ ಇಲ್ಲಿ ಯೋಜನೆ ಹಾಕುವಾಗ ಎಷ್ಟು ಜಾಗ ನೋಡುತ್ತೇವೆ ಅನ್ನುವುದಕ್ಕಿಂತ, ಯಾವ ಹೊತ್ತಿಗೆ ಎಲ್ಲಿರುತ್ತೇವೆ, ಬೀಗ ತೆಗೆಯುವವರು ಆಗ ಇರುತ್ತಾರಾ ಅನ್ನುವುದು ಮುಖ್ಯ.

ಮೂರು ದಿನ ಹೊಂದಿಸಬಹುದು ಅಂದಿದ್ದೀರಲ್ಲ, ಹೊಂದಿಸಿಬಿಡಿ. ಎರಡು ರಾತ್ರಿ ಬೀದರಿನಲ್ಲಿ ಉಳಿಯಿರಿ. ಮೂರನೇ ದಿನ ಬಸವಕಲ್ಯಾಣದ ಮೇಲೆ ಹಾದು ಕಲಬುರಗಿಗೆ ಹೋಗಿ ರಾತ್ರಿ ರೈಲು ಹತ್ತಿ.

ಹೈದರಾಬಾದಿನಿಂದ ಜಹೀರಾಬಾದಿನವರೆಗೆ ದೊಡ್ಡ ಹೆದ್ದಾರಿ, ಅಲ್ಲಿ ಬಲಕ್ಕೆ ತಿರುಗಿದರೆ ಬೀದರ್. ಒಟ್ಟು ನೂರನಲವತ್ತು ಕಿಲೋಮೀಟರ್ ಆಸುಪಾಸು. ಊರು ದಾಟುವ ಟ್ರಾಫಿಕ್ಕೂ ಸೇರಿ ಮೂರು ಗಂಟೆ ಇಟ್ಟುಕೊಳ್ಳಿ. ರೈಲೂ ಇದೆ, ಆದರೆ ಹಿರಿಯರ ಜೊತೆ ಮನೆ ಬಾಗಿಲಿಂದಲೇ ಗಾಡಿ ವಾಸಿ. ಬೆಂಗಳೂರಿನಿಂದ ನೇರ ಬರುವವರೂ ಇದನ್ನು ಓದುತ್ತಿರಬಹುದು. ಅವರಿಗೆ ಯಶವಂತಪುರದಿಂದ ರಾತ್ರಿ ರೈಲಿದೆ. ವಿಮಾನ 2020ರಲ್ಲಿ ಶುರುವಾಯಿತು, ಮಧ್ಯೆ ನಿಂತೂ ಹೋಗಿತ್ತು. ಟಿಕೆಟ್ ಕೈಗೆ ಬರುವ ತನಕ ಅದನ್ನು ನಂಬಿ ರಜೆ ಹಾಕಬೇಡಿ.

ಇನ್ನೊಂದು, ಸ್ವೆಟರ್ ತನ್ನಿ. ಕಲಬುರಗಿ ಕಡೆ ಅಂದರೆ ಬರೀ ಬಿಸಿಲು ಅಂತ ದಕ್ಷಿಣದವರು ಬರೀ ಕಾಟನ್ ಬಟ್ಟೆ ತುಂಬಿಕೊಂಡು ಬರುತ್ತಾರೆ. ಬೀದರ್ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಬಯಲಿನ ಮೇಲಿದೆ. ಡಿಸೆಂಬರಿನಲ್ಲಿ ರಾಜ್ಯದ ಅತಿ ಚಳಿಯ ಊರುಗಳ ಸಾಲಿನಲ್ಲಿ ನಮ್ಮ ಹೆಸರು ಬರುತ್ತಲೇ ಇರುತ್ತದೆ. ನೀವು ಆರಿಸಿದ ತಿಂಗಳು ಸರಿಯಾಗಿದೆ. ಏಪ್ರಿಲ್-ಮೇನಲ್ಲಿ ಯಾರಾದರೂ ಕೇಳಿದರೆ ನಾನೇ ಬೇಡ ಅನ್ನುತ್ತೇನೆ. ಕೋಟೆಯೊಳಗೆ ನೆರಳಿಲ್ಲದ ಬಯಲೇ ಜಾಸ್ತಿ.

ಮೊದಲ ದಿನ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಬೀದರಿನಲ್ಲಿರುತ್ತೀರಿ. ಅವತ್ತು ಕೋಟೆಗೆ ಹೋಗಬೇಡಿ. ಸುಸ್ತಾದ ಕಾಲಿಗೆ ಅದು ದೊಡ್ಡದಾಯಿತು. ಊಟ ಮಾಡಿ, ಸ್ವಲ್ಪ ಮಲಗಿ, ನಾಲ್ಕರ ಹೊತ್ತಿಗೆ ಊರಿನ ಪಶ್ಚಿಮಕ್ಕೆ, ಉದಗೀರ್ ರಸ್ತೆಯಲ್ಲಿರುವ ಬರೀದ್‌ಶಾಹಿ ಸಮಾಧಿಗಳಿಗೆ ಹೋಗಿ. ಬಹಮನಿಗಳು ಕೈಸೋತ ಮೇಲೆ ಬೀದರನ್ನು ಆಳಿದವರು ಈ ಬರೀದರು. 1542ರಿಂದ 1580ರವರೆಗೆ ಆಳಿದ ಅಲಿ ಬರೀದ್ ತನ್ನ ಸಮಾಧಿಯನ್ನು ಬದುಕಿದ್ದಾಗಲೇ ಕಟ್ಟಿಸಿಕೊಂಡ. ನಾಲ್ಕು ಕಡೆಯೂ ತೆರೆದ ಕಮಾನು, ಬಾಗಿಲೇ ಇಲ್ಲ. ಒಳಗೆ ಕರಿಕಲ್ಲಿನ ಗೋರಿ. ಸಂಜೆ ಬಿಸಿಲು ಪಶ್ಚಿಮದ ಕಮಾನಿನಿಂದ ನೇರ ಒಳಗೆ ಬಂದು ಕಲ್ಲಿನ ಮೇಲೆ ಬೀಳುತ್ತದೆ. ಒಳಗೋಡೆಯ ಮೇಲ್ಭಾಗದ ಬಣ್ಣದ ಬಿಲ್ಲೆಗಳು, ಫಾರ್ಸಿ ಅಕ್ಷರಗಳು ಆಗ ಚೆನ್ನಾಗಿ ಕಾಣುತ್ತವೆ. ಸುತ್ತ ಉದ್ಯಾನವಿದೆ, ಊರಿನವರು ವಾಕಿಂಗಿಗೆ ಬರುತ್ತಾರೆ. ನೆಲ ಸಮತಟ್ಟು, ನಿಮ್ಮ ಅತ್ತೆಯವರಿಗೆ ತೊಂದರೆಯಿಲ್ಲ.

ಅಲ್ಲಿಂದ ಕತ್ತಲಾಗುವಾಗ ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಗುರುನಾನಕರು ದಕ್ಷಿಣ ಯಾತ್ರೆಯಲ್ಲಿ ಇಲ್ಲಿಗೆ ಬಂದಾಗ ಜನರಿಗೆ ಕುಡಿಯುವ ನೀರಿರಲಿಲ್ಲ, ಅವರು ಕಾಲಿನಿಂದ ಕಲ್ಲು ಸರಿಸಿದ ಕಡೆ ಸಿಹಿನೀರು ಚಿಮ್ಮಿತು ಅನ್ನುವ ನಂಬಿಕೆ. ಆ ಝರಿ ಇವತ್ತಿಗೂ ಹರಿಯುತ್ತಿದೆ. ತಲೆಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕಾಲು ತೊಳೆದು ಒಳಗೆ ಹೋಗಬೇಕು. ರಾತ್ರಿ ಊಟಕ್ಕೆ ಅಲ್ಲಿನ ಲಂಗರಿನಲ್ಲೇ, ಅಂದರೆ ಬಂದವರಿಗೆಲ್ಲ ಊಟ ಹಾಕುವ ದಾಸೋಹದಲ್ಲೇ, ಕುಳಿತರೆ ಒಳ್ಳೆಯದು. ಸಾಲಿನಲ್ಲಿ ಪಂಜಾಬಿನಿಂದ ಬಂದ ಯಾತ್ರಿಕರ ಪಕ್ಕ ಭಾಲ್ಕಿಯ ರೈತ ಕುಳಿತಿರುತ್ತಾನೆ. ಗುರು ಗೋಬಿಂದ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರಲ್ಲಿ, ಸಿಖ್ಖರ ಪಂಚ ಪ್ಯಾರೆಗಳಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅನ್ನುವುದನ್ನು ಮಗಳಿಗೆ ಹೇಳಿ. ನೆಲದ ಮೇಲೆ ಕೂರಲು ಆಗದವರು ಸೇವಾದಾರರಿಗೆ ಒಂದು ಮಾತು ಹೇಳಿದರೆ ಬೇರೆ ವ್ಯವಸ್ಥೆ ಮಾಡಿಕೊಡುತ್ತಾರೆ.

ಇಲ್ಲಿ ನೀರಿನ ಬಗ್ಗೆ ಸ್ವಲ್ಪ ಹೇಳಬೇಕು. ಇದು ತಿಳಿದರೆ ಬೀದರ್ ಅರ್ಧ ಅರ್ಥವಾದ ಹಾಗೆ. ನಮ್ಮೂರು ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಹಾಸಿನ ಮೇಲೆ. ಅದರ ಕೆಳಗೆ ದಖ್ಖನಿನ ಕರಿಕಲ್ಲು. ಮೇಲಿನ ಕೆಂಪು ಕಲ್ಲು ಸ್ಪಂಜಿನಂತೆ ಮಳೆನೀರು ಹೀರುತ್ತದೆ, ಕೆಳಗಿನ ಕರಿಕಲ್ಲು ಅದನ್ನು ಸುಲಭಕ್ಕೆ ಇಳಿಯಗೊಡುವುದಿಲ್ಲ. ನೀರು ಪಕ್ಕಕ್ಕೆ ಹರಿದು, ದಿಬ್ಬ ಮುಗಿಯುವ ಅಂಚಿನಲ್ಲಿ ಹೊರಗೆ ಬರುತ್ತದೆ. ಗುರುದ್ವಾರದ ಝರಿ, ಪಾಪನಾಶ ದೇವಸ್ಥಾನದ ನೀರು, ನರಸಿಂಹ ಝರಣಿ, ಎಲ್ಲ ಇರುವುದು ಇಂಥ ಅಂಚುಗಳಲ್ಲೇ. ಬಹಮನಿಗಳ ಕಾಲದಲ್ಲಿ ಇರಾನಿನಿಂದ ಬಂದವರಿಗೆ ಈ ಗುಟ್ಟು ಬೇಗ ಹತ್ತಿತು. ಅವರ ದೇಶದ ರೀತಿಯಲ್ಲೇ ನೆಲದಡಿ ಸುರಂಗ ತೋಡಿ, ಇಳಿಜಾರಿನಲ್ಲಿ ನೀರು ತಾನಾಗಿ ಹರಿದು ಬರುವಂತೆ ಮಾಡಿದರು. ಅದಕ್ಕೆ ಕರೇಜ್ ಅನ್ನುತ್ತಾರೆ, ನಮ್ಮ ಜನ ಸುರಂಗ ಬಾವಿ ಅನ್ನುತ್ತಾರೆ. ಬೀದರಿನ ಅಂಚಿನಲ್ಲಿರುವ ನೌಬಾದಿನಲ್ಲಿ ಇದನ್ನು ನೋಡಬಹುದು. ಗಾಳಿ-ಬೆಳಕಿಗೆ ಅಂತ ತೋಡಿದ ಬಾವಿಯಂಥ ಬಾಯಿಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಮೇಲಿನಿಂದ ಇಣುಕಿದರೆ ಸಾಕು, ಇಳಿಯುವ ಸಾಹಸ ಬೇಡ. ನಿಮ್ಮ ಮಗಳಿಗೆ ರಾಜರ ಹೆಸರು ಬೇಸರ ಇರಬಹುದು. ಮೋಟಾರಿಲ್ಲದೆ ಒಂದು ಊರಿಗೆ ನೀರು ಹೇಗೆ ಕೊಟ್ಟರು ಅಂತ ಇಲ್ಲಿಂದ ಶುರುಮಾಡಿ ನೋಡಿ.

ನರಸಿಂಹ ಝರಣಿಗೆ ಹೋಗಬೇಕಾ ಅಂತ ನಿಮ್ಮ ಮಾವ ಖಂಡಿತ ಕೇಳುತ್ತಾರೆ. ಅದು ಬಂಡೆ ಕೊರೆದ ಉದ್ದ ಸುರಂಗ. ಎದೆಮಟ್ಟದ ನೀರಿನಲ್ಲಿ ನಡೆದುಕೊಂಡು ಹೋಗಿ ಕೊನೆಯಲ್ಲಿ ದೇವರ ದರ್ಶನ. ಮೇಲೆ ಬಾವಲಿಗಳು, ರಜಾದಿನಗಳಲ್ಲಿ ಹಿಂದೆ-ಮುಂದೆ ಜನ. ಎಪ್ಪತ್ತು ದಾಟಿದವರು, ಬಿಪಿ ಅಥವಾ ಉಸಿರಿನ ತೊಂದರೆ ಇರುವವರು ಹೊರಗಿನಿಂದಲೇ ಕೈಮುಗಿಯುವುದು ಒಳ್ಳೆಯದು. ಕೆಲವೊಮ್ಮೆ ಒಳಗೆ ಬಿಡುವುದನ್ನು ನಿಲ್ಲಿಸಿಯೂ ಇರುತ್ತಾರೆ. ನೀವು ಮತ್ತು ಮಗಳು ಹೋಗುವುದಾದರೆ ಬದಲಿ ಬಟ್ಟೆ ಇಟ್ಟುಕೊಳ್ಳಿ, ಫೋನು ಮಾವನ ಕೈಯಲ್ಲಿರಲಿ.

ಎರಡನೇ ದಿನ ಪೂರ್ತಿ ಬೀದರಿಗೆ. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಮಹಮೂದ್ ಗವಾನ್ ಮದರಸಾದಲ್ಲಿರಿ. ಅದರ ಮುಂಭಾಗ ಪೂರ್ವಕ್ಕಿದೆ. ಬಿಲ್ಲೆಗಳ ಮೇಲೆ ನೇರ ಬಿಸಿಲು ಬೀಳುವುದು ಬೆಳಿಗ್ಗೆ ಮಾತ್ರ. ಮಧ್ಯಾಹ್ನದ ಮೇಲೆ ಹೋದವರು ನೆರಳಿನಲ್ಲಿರುವ ಮಂಕು ಗೋಡೆ ನೋಡಿ ವಾಪಸ್ ಬರುತ್ತಾರೆ. ಉಳಿದಿರುವ ಮಿನಾರಿನ ಮೈಮೇಲೆ ಬಿಲ್ಲೆಗಳನ್ನು ಅಂಕುಡೊಂಕಾಗಿ ಜೋಡಿಸಿದ್ದಾರೆ. ನೀಲಿ, ಹಳದಿ, ಬಿಳಿ. ಮುಂದಿನ ಗೋಡೆಯ ಮೇಲೆ ನೀಲಿ ನೆಲದಲ್ಲಿ ಬಿಳಿ ಅಕ್ಷರದ ಪಟ್ಟಿ, ಕುರಾನಿನ ಸಾಲುಗಳು. ಬಹಳಷ್ಟು ಉದುರಿಹೋಗಿದೆ. ಉಳಿದಿದ್ದನ್ನು ನೋಡಿ ಉದುರಿದ್ದನ್ನು ಊಹಿಸಿಕೊಳ್ಳಬೇಕು.

ಇಲ್ಲಿ ಹತ್ತು ನಿಮಿಷ ಕೂತು ಮಗಳಿಗೆ ಗವಾನನ ಕಥೆ ಹೇಳಿ. ಆಕಳಿಸುವುದಿಲ್ಲ, ನೋಡಿ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದವನು ಬಹಮನಿ ರಾಜ್ಯದ ಮುಖ್ಯ ಮಂತ್ರಿಯಾದ. ಆ ಕಾಲದಲ್ಲೇ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದು, ಇಲ್ಲಿನ ಅರಮನೆ, ಸಂತೆ, ಸುಲ್ತಾನನ ಮೆರವಣಿಗೆಗಳ ಬಗ್ಗೆ ಬರೆದಿಟ್ಟ. ಗವಾನ್ 1472ರಲ್ಲಿ ಈ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಮಕ್ಕಳಿಗೂ ಮೇಷ್ಟರುಗಳಿಗೂ ಕೋಣೆಗಳು, ಮೂರು ಸಾವಿರ ಪುಸ್ತಕಗಳ ಗ್ರಂಥಾಲಯ. ಅವನ ಏಳಿಗೆ ಕಂಡು ಹೊಟ್ಟೆಕಿಚ್ಚು ಪಟ್ಟವರು ಅವನ ಮುದ್ರೆಯಿದ್ದ ಖಾಲಿ ಕಾಗದ ಸಂಪಾದಿಸಿ, ಶತ್ರುರಾಜನಿಗೆ ಬರೆದ ಹಾಗೆ ಪತ್ರ ಸೃಷ್ಟಿಸಿ ಸುಲ್ತಾನನಿಗೆ ತೋರಿಸಿದರು. ಕುಡಿದ ಅಮಲಿನಲ್ಲಿದ್ದ ಸುಲ್ತಾನ ಮೂರನೇ ಮುಹಮ್ಮದ್ ವಿಚಾರಣೆಯನ್ನೂ ಮಾಡದೆ 1481ರಲ್ಲಿ ತಲೆ ಕಡಿಸಿದ. ಮರುವರ್ಷವೇ ಸುಲ್ತಾನನೂ ಸತ್ತ. ಅಲ್ಲಿಂದ ರಾಜ್ಯ ಐದು ಹೋಳಾಗುತ್ತ ಹೋಯಿತು. ಕಟ್ಟಡದ ಅರ್ಧಭಾಗ ಹೋದದ್ದು ಮಾತ್ರ ಎರಡು ಶತಮಾನದ ನಂತರ. ಔರಂಗಜೇಬನ ಕಾಲದಲ್ಲಿ ಇಲ್ಲಿ ಮದ್ದಿನಪುಡಿ ತುಂಬಿಟ್ಟಿದ್ದರು, ಅದು ಸಿಡಿದು ಒಂದು ಮಿನಾರೂ ಮುಂಭಾಗದ ದೊಡ್ಡ ಪಾಲೂ ಕುಸಿಯಿತು. ಶಾಲೆಯಲ್ಲಿ ಸ್ಫೋಟಕ ಇಡುವ ಬುದ್ಧಿ ಎಲ್ಲ ಕಾಲದಲ್ಲೂ ಇದೆ.

ಮದರಸಾದ ಬೀದಿಯಲ್ಲೇ ಚೌಬಾರಾ ಇದೆ. ನಾಲ್ಕು ರಸ್ತೆ ಕೂಡುವಲ್ಲಿ ಎಪ್ಪತ್ತು ಅಡಿಯ ದುಂಡನೆ ಕಾವಲು ಗೋಪುರ, ಈಗ ಗಡಿಯಾರ ಹೊತ್ತುಕೊಂಡಿದೆ. ಅದನ್ನು ನೋಡಲು ಬೇರೆ ಸಮಯ ಬೇಡ, ಆ ಕಡೆ ಈ ಕಡೆ ಓಡಾಡುವಾಗ ಹೇಗೂ ಸಿಗುತ್ತದೆ.

ಅಲ್ಲಿಂದ ಕೋಟೆಗೆ. ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಅಹಮದ್ ಶಾಹ್, 1422ರಿಂದ 1436ರವರೆಗೆ ಆಳಿದವನು. ಈಗ ಕಾಣುವ ಕೋಟೆಯ ಮುಖ್ಯ ಭಾಗ ಅವನ ಕಾಲದ್ದು. ಜನ ಗಾಡಿಯಲ್ಲಿ ಸರ್ರನೆ ಒಳಗೆ ಹೋಗಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲ ಬಾಗಿಲು ದಾಟಿದ ಮೇಲೆ ಶರ್ಜಾ ದರ್ವಾಜಾ ಹತ್ತಿರ ಐದು ನಿಮಿಷ ಇಳಿಯಿರಿ. ಬಾಗಿಲಿನ ಮೇಲೆ ಕಲ್ಲಿನಲ್ಲಿ ಕೆತ್ತಿದ ಎರಡು ಹುಲಿಗಳಿವೆ. ಮುಂದೆ ಗುಂಬದ್ ದರ್ವಾಜಾ. ಕೋಟೆಯ ದಕ್ಷಿಣ ಬದಿಯ ಕಂದಕ ನೋಡದೆ ಹೋಗಬೇಡಿ. ಬೇರೆ ಕೋಟೆಗಳಲ್ಲಿ ಮಣ್ಣು ಅಗೆದು ಒಂದು ಕಂದಕ ಮಾಡಿದರೆ, ಇಲ್ಲಿ ಗಟ್ಟಿ ಬಂಡೆಯನ್ನೇ ಕೊರೆದು ಮೂರು ಸಾಲು ಮಾಡಿದ್ದಾರೆ. ಸಾಲುಗಳ ನಡುವೆ ಕಡಿಯದೆ ಬಿಟ್ಟ ಬಂಡೆಯ ಗೋಡೆಗಳು ಹಾಗೇ ನಿಂತಿವೆ. ಅಗೆದು ತೆಗೆದ ಕೆಂಪು ಕಲ್ಲು ಎಲ್ಲಿ ಹೋಯಿತು ಅಂತ ಮಗಳನ್ನು ಕೇಳಿ. ಉತ್ತರ ಅವಳ ಎದುರಿಗೇ ಇದೆ, ಕೋಟೆಗೋಡೆಯಾಗಿ.

ಒಳಗೆ ನೋಡಲೇಬೇಕಾದದ್ದು ರಂಗೀನ್ ಮಹಲ್. ಗುಂಬದ್ ದರ್ವಾಜಾ ದಾಟಿದ ಕೂಡಲೇ ಸಿಗುತ್ತದೆ. ಹೊರಗಿನಿಂದ ನೋಡಿದರೆ ಇದೇನು ಮಹಾ ಅನ್ನಿಸುತ್ತದೆ. ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಬೀಗ ಕಂಡು ಮುಂದೆ ಹೋಗಿಬಿಡಬೇಡಿ, ಅರಮನೆಯ ಹಳೆಯ ಸ್ನಾನದ ಮನೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ, ಅಲ್ಲಿನ ಸಿಬ್ಬಂದಿಯನ್ನು ವಿಚಾರಿಸಿ. "ಮೈಸೂರಿನಿಂದ ಬಂದೀವ್ರಿ, ರಂಗೀನ್ ಮಹಲ್ ನೋಡಬೇಕಾಗಿತ್ತು" ಅಂತ ಮೆಲ್ಲಗೆ ಕೇಳಿದರೆ ಸಾಮಾನ್ಯವಾಗಿ ಯಾರಾದರೂ ಬೀಗದ ಕೈ ಹಿಡಿದು ಬರುತ್ತಾರೆ. ಜೋರು ಮಾಡಿದರೆ ಕೆಲಸ ಆಗುವುದಿಲ್ಲ. ಒಳಗೆ ಮೊದಲು ಮರದ ಕಂಬಗಳು. ಕಂಬದ ತಲೆಯ ಮೇಲೆ ತೊಲೆ ಹೊರುವ ಬೋದಿಗೆಗಳ ಕೆತ್ತನೆ ನೋಡಿದರೆ ನಮ್ಮ ಕಡೆಯ ದೇವಸ್ಥಾನದ ಕೆಲಸಗಾರರ ಕೈ ಗೊತ್ತಾಗುತ್ತದೆ. ಅದರ ಹಿಂದಿನ ಬಾಗಿಲಿನ ಸುತ್ತ ಕರಿಕಲ್ಲಿನಲ್ಲಿ ಕಪ್ಪೆಚಿಪ್ಪಿನ ಹೊಳಪು ಪದರವನ್ನು ಕೂರಿಸಿದ್ದಾರೆ. ಬಳ್ಳಿ, ಹೂವು, ಫಾರ್ಸಿ ಸಾಲುಗಳು. ಎದುರು ನಿಂತರೆ ಬರೀ ಬೂದು ಬಣ್ಣ. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಗುಲಾಬಿ, ಹಸಿರು ಹೊಳೆಯುತ್ತದೆ. ಫೋಟೋದಲ್ಲಿ ಇದು ಬರುವುದಿಲ್ಲ, ಅಲ್ಲೇ ನಿಂತು ತಲೆ ಅಲ್ಲಾಡಿಸಬೇಕು. ಈ ಕೆಲಸ ಅಲಿ ಬರೀದನ ಕಾಲದ್ದು. ಹಿಂದಿನ ಸಂಜೆ ಅವನ ಸಮಾಧಿ ನೋಡಿ ಬಂದಿದ್ದರೆ ಎರಡಕ್ಕೂ ನಂಟು ಹತ್ತುತ್ತದೆ. ಅದಕ್ಕೇ ಆ ಕ್ರಮ ಹೇಳಿದ್ದು.

ರಂಗೀನ್ ಮಹಲ್ ಆದಮೇಲೆ ಸೋಲಾ ಖಂಬ ಮಸೀದಿ. ದಪ್ಪ ದುಂಡು ಕಂಬಗಳ ಸಾಲು, ಆಡಂಬರವಿಲ್ಲ. ಬಹಮನಿಗಳ ಬೀದರಿನ ಅತಿ ಹಳೆಯ ಕಟ್ಟಡಗಳಲ್ಲಿ ಒಂದು. ಒಳಗೆ ತಂಪು, ಅತ್ತೆಯವರು ಕೂತು ದಣಿವಾರಿಸಿಕೊಳ್ಳಲು ಇದು ಸರಿಯಾದ ಜಾಗ. ತಖ್ತ್ ಮಹಲ್ ಸ್ವಲ್ಪ ದೂರ. ಕಮಾನಿನ ಮೂಲೆಯಲ್ಲಿ ಹುಲಿ, ಅದರ ಬೆನ್ನ ಹಿಂದೆ ಹುಟ್ಟುತ್ತಿರುವ ಸೂರ್ಯ ಇರುವ ಬಿಲ್ಲೆಚಿತ್ರ ಇರುವುದು ಅಲ್ಲೇ. ಗಗನ್ ಮಹಲ್, ತರ್ಕಶ್ ಮಹಲ್, ಹಜಾರ್ ಕೋಠ್ರಿ ಇವೆಲ್ಲ ನಡೆಯುವ ಶಕ್ತಿ ಇದ್ದರೆ ನೋಡಿ, ಬಿಟ್ಟರೂ ಬೇಸರ ಬೇಡ. ಮಂಡಿನೋವಿನವರಿಗೆ ಗಾಡಿ ಒಳಗಿನವರೆಗೂ ಬರುತ್ತದೆ, ಬಾಗಿಲಲ್ಲೇ ಬಿಟ್ಟು ಬರಬೇಡಿ.

ಊಟದ ನಂತರ ಅಷ್ಟೂರು. ಊರಿನಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್. ದಾರಿಯಲ್ಲಿ ದಿಬ್ಬದ ಮೇಲೆ ಚೌಖಂಡಿ ಸಿಗುತ್ತದೆ, ಇರಾನಿನಿಂದ ಬಂದ ಸಂತ ಮನೆತನದ ಖಲೀಲುಲ್ಲಾ ಅವರ ಸಮಾಧಿ. ಹೊರಗೆ ಎಂಟು ಮೂಲೆಯ ಗೋಡೆ, ಒಳಗೆ ಚೌಕ ಕೋಣೆ. ಬಾಗಿಲಿನ ಕರಿಕಲ್ಲಿನ ಅಂಚನ್ನು ಹಗ್ಗ ಹೊಸೆದ ಹಾಗೆ ಕೆತ್ತಿದ್ದಾರೆ. ಮೆಟ್ಟಿಲಿದೆ. ಹತ್ತಲಾಗದವರು ಕೆಳಗೆ ಗಾಡಿಯಲ್ಲೇ ಇರಲಿ.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಂಬಜ್‌ಗಳು ಒಂದೇ ಸಾಲಿನಲ್ಲಿವೆ. ಮೊದಲಿಗೆ ಭಾರಿ ದೊಡ್ಡವು, ಕೊನೆಕೊನೆಗೆ ಬರುತ್ತ ಸಣ್ಣ ಕೋಣೆಗಳು. ರಾಜ್ಯ ಹೇಗೆ ಕರಗಿತು ಅಂತ ಬೇರೆ ಯಾರೂ ಹೇಳಬೇಕಿಲ್ಲ. ಕ್ರೂರಿ ಅಂತ ಹೆಸರಾದ ಹುಮಾಯೂನನ ಗುಂಬಜ್ ಸಿಡಿಲು ಬಡಿದು ಅರ್ಧ ಸೀಳಿ ನಿಂತಿದೆ. ಗೈಡುಗಳು ಅದಕ್ಕೆ ನೀತಿಕಥೆ ಕಟ್ಟುತ್ತಾರೆ. ನಾನು ಜನರಿಗೆ ತೋರಿಸುವುದು ಬೇರೆಯದನ್ನು. ಒಡೆದದ್ದರಿಂದ ಗುಂಬಜಿನ ಗೋಡೆ ಎಷ್ಟು ದಪ್ಪ, ಇಟ್ಟಿಗೆ-ಗಾರೆ ಹೇಗೆ ಸೇರಿಸಿದ್ದಾರೆ ಅನ್ನುವುದು ಕೊಯ್ದಿಟ್ಟ ಹಾಗೆ ಕಾಣುತ್ತದೆ.

ಅಹಮದ್ ಶಾಹನ ಗುಂಬಜ್ ಒಳಗೆ ಹೋದಾಗ ಮೊದಲ ಎರಡು ನಿಮಿಷ ಏನೂ ಕಾಣುವುದಿಲ್ಲ. ಅವಸರ ಮಾಡದೆ ನಿಂತಿರಿ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯಿಂದ ಗುಂಬಜಿನ ನೆತ್ತಿಯವರೆಗೆ ಬಣ್ಣ ಮೂಡುತ್ತದೆ. ಕೆಂಪು, ನೀಲಿ, ಬಂಗಾರ, ನಡುವೆ ಅಕ್ಷರಗಳು. ನೋಡಿಕೊಳ್ಳುವವರು ಇದ್ದರೆ ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ಹಾಯಿಸುತ್ತಾರೆ. ಬೆಳಕಿನ ತುಣುಕು ಗೋಡೆಯ ಮೇಲೆ ಮೆಲ್ಲಗೆ ಜಾರುತ್ತ ಹೋದ ಹಾಗೆ ಒಂದೊಂದೇ ಹೂವು, ಒಂದೊಂದೇ ಸಾಲು ಹೊತ್ತಿಕೊಳ್ಳುತ್ತದೆ. ಮೋಡ ಇದ್ದರೆ ಇದು ಆಗುವುದಿಲ್ಲ. ಸಂಜೆ ಐದರ ಮೇಲೆ ಬಂದರೂ ಆಗುವುದಿಲ್ಲ. ಮೂರರ ಒಳಗೆ ಅಲ್ಲಿರಿ. ಫೋನಿನ ಫ್ಲಾಶ್ ಬೇಡ, ಬಣ್ಣಕ್ಕೆ ಅದು ಒಳ್ಳೆಯದಲ್ಲ. ಕನ್ನಡಿ ಹಿಡಿದವರ ಕೈಗೆ ಹೊರಡುವಾಗ ಏನಾದರೂ ಕೊಡಿ.

ಈ ಸುಲ್ತಾನನನ್ನು ಇಲ್ಲಿನ ಮುಸ್ಲಿಮರು ವಲಿ, ಅಂದರೆ ಸಂತ, ಅನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಅಂತ ನಡೆದುಕೊಳ್ಳುತ್ತಾರೆ. ಹೋಳಿ ಕಳೆದ ಮೇಲೆ ಇಲ್ಲಿ ಉರುಸೂ ಜಾತ್ರೆಯೂ ಒಟ್ಟಿಗೇ ಆಗುತ್ತದೆ. ಕಲಬುರಗಿ ಕಡೆಯಿಂದ ಜಂಗಮರು ನಡೆದುಕೊಂಡು ಬಂದು, ಶಂಖ ಊದಿ, ಸಮಾಧಿಗೆ ಹೂವು ಏರಿಸುತ್ತಾರೆ. ಗುಂಬಜಿನ ಮುಂದೆ ತೆಂಗಿನಕಾಯಿ ಒಡೆಯುವವರನ್ನು ಕಂಡು ಹೊರಗಿನವರು ಆಶ್ಚರ್ಯಪಡುತ್ತಾರೆ. ಇಲ್ಲಿಯವರಿಗೆ ಅದು ಅಜ್ಜನ ಕಾಲದಿಂದ ಬಂದ ಹರಕೆ, ಅಷ್ಟೇ.

ಈಗ ಬಿದ್ರಿ. ಅಷ್ಟೂರಿನಿಂದ ವಾಪಸ್ ಬಂದು ಸಂಜೆ ಹಳೇ ಊರಿನ ಕಡೆ ಹೋಗಿ. ಚೌಬಾರಾ ಸುತ್ತಮುತ್ತಲ ಗಲ್ಲಿಗಳಲ್ಲಿ ಅಂಗಡಿ, ಕಾರ್ಖಾನೆ ಒಟ್ಟೊಟ್ಟಿಗೆ ಇವೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ, ನಾಲ್ಕು ಜನ ನೆಲದ ಮೇಲೆ ಕೂತು ಕೆಲಸ ಮಾಡುವ ಕೋಣೆ. ಮೊದಲು ಕೆಲಸ ನೋಡಿ, ಆಮೇಲೆ ಕೊಳ್ಳಿ. ಸತುವಿನ ಹದಿನಾರು ಪಾಲಿಗೆ ಒಂದು ಪಾಲಿನಷ್ಟು ತಾಮ್ರ ಸೇರಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ನಯ ಮಾಡಿ, ಮೈಲುತುತ್ತದ ನೀರು ಒರೆಸಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಗೀಚಿದ ಗೆರೆ ಕಣ್ಣಿಗೆ ಕಾಣಲಿ ಅಂತ. ಆಮೇಲೆ ಸಣ್ಣ ಉಳಿಯಿಂದ ಚಿತ್ರದ ಗೆರೆಯುದ್ದಕ್ಕೂ ಸಣ್ಣ ಕಾಲುವೆ ತೋಡುತ್ತಾರೆ. ಆ ಕಾಲುವೆಗೆ ಕೂದಲಿಗಿಂತ ಸ್ವಲ್ಪವೇ ದಪ್ಪದ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ತಟ್ಟುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ. ಬೆಳ್ಳಿ ಮೆತ್ತಗೆ ಇರುವುದರಿಂದ ಏಟಿಗೆ ಹರಡಿ ಕಾಲುವೆಯಲ್ಲಿ ಕಚ್ಚಿಕೊಳ್ಳುತ್ತದೆ. ಒಂದು ಎಲೆಯ ಸುತ್ತ ತಂತಿ ತಿರುಗುವಲ್ಲಿ ಕೆಲಸಗಾರನ ಹೆಬ್ಬೆರಳು ಅದನ್ನು ಒತ್ತಿ ಹಿಡಿದಿರುತ್ತದೆ, ಉಗುರಿನ ತುದಿಗೇ ಸುತ್ತಿಗೆ ಬೀಳುತ್ತಿರುತ್ತದೆ. ಬೆರಳಿಗೆ ಏಟು ಬೀಳುವುದಿಲ್ಲ.

ಕೊನೆಯ ಹಂತವೇ ಬೀದರಿನ ಗುಟ್ಟು. ಕೋಟೆಯ ಹಳೆ ಕಟ್ಟಡಗಳೊಳಗಿನ, ಮಳೆ-ಬಿಸಿಲು ತಾಗದ ಮಣ್ಣು ತಂದು, ನವಸಾಗರದ ಜೊತೆ ನೀರಿನಲ್ಲಿ ಕಲಸುತ್ತಾರೆ. ಸಾಮಾನನ್ನು ಸ್ವಲ್ಪ ಬಿಸಿ ಮಾಡಿ ಆ ಕೆಸರು ಹಚ್ಚಿ ತಿಕ್ಕಿದರೆ ಸತು-ತಾಮ್ರದ ಮೈ ಗಾಢ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರಲ್ಲಿ ಇಲ್ಲಿನ ಕಲಾವಿದ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು.

ಅಸಲಿ ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರ ಇರಬೇಕು. ಹಗುರ ಇದ್ದರೆ ಅಲ್ಯುಮಿನಿಯಂ ಅಂತ ಸಂಶಯಪಡಿ. ಬೆಳ್ಳಿಯ ಮೇಲೆ ಉಗುರು ಓಡಿಸಿ. ಬಣ್ಣ ಬಳಿದದ್ದಾದರೆ ಉಬ್ಬು ಸಿಗುತ್ತದೆ, ಅಸಲಿಯಲ್ಲಿ ಬೆಳ್ಳಿಯೂ ಕಪ್ಪೂ ಒಂದೇ ಸಮ. ಗೆರೆಗಳು ಅಚ್ಚು ಹಾಕಿದ ಹಾಗೆ ಒಂದೇ ರೀತಿ ಇದ್ದರೆ ಇನ್ನೊಂದು ಅಂಗಡಿ ನೋಡಿ. ಕೈಕೆಲಸದಲ್ಲಿ ಎರಡು ಎಲೆ ಒಂದೇ ಥರ ಇರುವುದಿಲ್ಲ. ಬೆಲೆಯಲ್ಲಿ ಬೆಳ್ಳಿಯ ಪಾಲು ದೊಡ್ಡದು. ತಂತಿ ಕೆಲಸಕ್ಕಿಂತ ಬೆಳ್ಳಿಯ ತಗಡು ಕತ್ತರಿಸಿ ಕೂರಿಸಿದ್ದಕ್ಕೆ ಬೆಳ್ಳಿ ಜಾಸ್ತಿ ಬೇಕು. ದೊಡ್ಡ ಹೂದಾನಿಗೆ ದುಡ್ಡಿಲ್ಲದಿದ್ದರೆ ಸುಮ್ನೆ ಅಗ್ಗದ ಹೂದಾನಿ ಕೊಳ್ಳಬೇಡಿ, ಒಳ್ಳೆ ಕೆಲಸದ ಸಣ್ಣ ಡಬ್ಬಿಯೋ ಕಿವಿಯೋಲೆಯೋ ಕೊಳ್ಳಿ. ಚೌಕಾಸಿ ಮಾಡಿ, ಆದರೆ ಕೆಲಸ ನೋಡಿದ ಮೇಲೆ ಅರ್ಧಕ್ಕೆ ಕೇಳಲು ನಿಮಗೇ ಮನಸ್ಸು ಬರುವುದಿಲ್ಲ. ಮನೆಗೆ ಹೋದಮೇಲೆ ಸೋಪಿನಿಂದ ತೊಳೆಯಬೇಡಿ. ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ, ಹತ್ತಿ ಬಟ್ಟೆ, ಅಷ್ಟು ಸಾಕು.

ಊಟದ ವಿಷಯ ನೀವು ಕೇಳಿಲ್ಲ, ಆದರೆ ಮೈಸೂರಿನವರು ಅನ್ನ-ಸಾರು ಹುಡುಕಿಕೊಂಡು ಸೊರಗಬಾರದು ಅಂತ ಹೇಳುತ್ತೇನೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ತಿನ್ನಿ. ಮಾಂಸಾಹಾರಿಗಳಿಗೆ ಹಳೇ ಊರಿನಲ್ಲಿ ಹೈದರಾಬಾದಿ ರುಚಿಯ ಬಿರಿಯಾನಿ ಇದ್ದೇ ಇದೆ. ನೀವು ಬರುವ ದಿನಗಳಲ್ಲಿ ಎಳ್ಳ ಅಮಾವಾಸ್ಯೆ ಬೀಳುತ್ತದಾ ಅಂತ ಪಂಚಾಂಗ ನೋಡಿಕೊಳ್ಳಿ. ಡಿಸೆಂಬರ್ ಕೊನೆಗೋ ಜನವರಿಗೋ ಬರುತ್ತದೆ. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ, ಬಜಾರು ಖಾಲಿ. ಹತ್ತಾರು ತರಕಾರಿ, ಕಾಳು ಹಾಕಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ದಾರಿಯಲ್ಲಿ ನಿಂತು ನೋಡಿದರೂ ಸಾಕು, "ಬರ್ರಿ, ಉಣ್ಣಾಕ ಬರ್ರಿ" ಅಂತ ಕರೆಯುತ್ತಾರೆ. ಸಂಕೋಚ ಬೇಡ, ಹೋಗಿ ಕೂತುಬಿಡಿ. ಬಿದ್ರಿ ಮರುದಿನ ಕೊಂಡರಾಯಿತು.

ಮೂರನೇ ದಿನ ಬೆಳಿಗ್ಗೆ ಏಳಕ್ಕೇ ಹೊರಡಿ. ಹುಮನಾಬಾದ್ ಕಡೆ ಹೋಗುವಾಗ ಜಲಸಂಗ್ವಿಗೆ ತಿರುಗಿ. ಕಲ್ಯಾಣ ಚಾಲುಕ್ಯರ ಕಾಲದ ಈಶ್ವರ ಗುಡಿ, ಬಹಳ ಜನಕ್ಕೆ ಗೊತ್ತಿಲ್ಲ. ಹೊರಗೋಡೆಯ ಸುತ್ತ ಶಿಲಾಬಾಲಿಕೆಯರು. ಅವರಲ್ಲಿ ಒಬ್ಬಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆದದ್ದು ನಿಜವಾದ ಶಾಸನ, ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಎಲ್ಲ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುವಾಗ, ಕಾಲಿನ ಮುಳ್ಳು ತೆಗೆಯುತ್ತಿರುವಾಗ ಇವಳೊಬ್ಬಳು ಬರೆಯುತ್ತಿದ್ದಾಳೆ. ನಿಮ್ಮ ಮಗಳಿಗೆ ಇವಳನ್ನು ತೋರಿಸಲೇಬೇಕು.

ಬಸವಕಲ್ಯಾಣ ಬೀದರಿನಿಂದ ಎಂಬತ್ತು ಕಿಲೋಮೀಟರ್. ಅದು ಚಾಲುಕ್ಯರ ರಾಜಧಾನಿ, ಆಮೇಲೆ ಬಸವಣ್ಣನವರ ಕಲ್ಯಾಣ. ಆದರೆ ಹನ್ನೆರಡನೇ ಶತಮಾನದ ಊರು ಹಾಗೇ ಸಿಗುತ್ತದೆ ಅಂತ ಹೋದರೆ ನಿರಾಸೆ. ಕೋಟೆ ಇದೆ, ಶರಣರ ಹೆಸರಿನ ಗವಿಗಳಿವೆ, ಅನುಭವ ಮಂಟಪ, ದೊಡ್ಡ ಬಸವಣ್ಣನ ಪ್ರತಿಮೆ ಇವೆಲ್ಲ ನಮ್ಮ ಕಾಲದವು. ವಚನ ಓದಿಕೊಂಡವರಿಗೆ ಆ ನೆಲವೇ ದೊಡ್ಡದು, ಮಾವನವರು ಓದುವವರಾದರೆ ಅವರು ಅಲ್ಲಿಂದ ಏಳುವುದಿಲ್ಲ. ಎರಡು ಗಂಟೆ ಕೊಡಿ.

ಅಲ್ಲಿಂದ ಕಲಬುರಗಿ ಇನ್ನೊಂದು ಎಂಬತ್ತು. ನಾಲ್ಕರೊಳಗೆ ತಲುಪಿದರೆ ಕೋಟೆಯೊಳಗಿನ ಜಾಮಿ ಮಸೀದಿ ನೋಡಿ, 1367ರದ್ದು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಇಡೀ ಕಟ್ಟಡಕ್ಕೆ ಸೂರು. ಅಗಲ ಕಮಾನುಗಳ ಕೆಳಗೆ ಕಾಲಿಟ್ಟರೆ ಗೊತ್ತಾಗುತ್ತದೆ. ಕತ್ತಲಾದ ಮೇಲೆ ಖ್ವಾಜಾ ಬಂದೇನವಾಜ್ ದರ್ಗಾ, ಶರಣಬಸವೇಶ್ವರ ಗುಡಿ ಎರಡಕ್ಕೂ ಹೋಗಬಹುದು. ಎರಡರಲ್ಲೂ ಸಂಜೆ ಜನ ಇರುತ್ತಾರೆ. ಬೆಂಗಳೂರಿಗೆ ರಾತ್ರಿ ರೈಲುಗಳು ಬೇಕಾದಷ್ಟು, ಆದರೆ ರಜೆಯ ವಾರ, ಟಿಕೆಟ್ ಈಗಲೇ ಮಾಡಿಸಿ. ಅತ್ತೆಯವರಿಗೆ ಕೆಳಗಿನ ಬರ್ತ್ ಸಿಗುವ ರೈಲು ನೋಡಿಕೊಂಡು, ಅದರ ಹೊತ್ತಿಗೆ ಸರಿಯಾಗಿ ಮೂರನೇ ದಿನವನ್ನು ಹಿಂದಕ್ಕೋ ಮುಂದಕ್ಕೋ ಸರಿಸಿಕೊಳ್ಳಿ. ಹೊತ್ತು ಸಾಲದಿದ್ದರೆ ಕಲಬುರಗಿಯನ್ನು ಬಿಡಿ, ಜಲಸಂಗ್ವಿಯನ್ನು ಬಿಡಬೇಡಿ.